ವೈದ್ಯಕೀಯ ಸಂಶೋಧನ ಪ್ರಬಂಧಗಳು: ಹುಡುಕುವ ಬಗೆ, ಪಡೆಯುವ ದಾರಿ

2001ನೆಯ ಇಸವಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಉಬ್ಬಸ ರೋಗದ ಸ್ವರೂಪವನ್ನು ತಿಳಿಯುವ ಉದ್ದೇಶದಿಂದ ಒಂದು ಪ್ರಯೋಗ ನಡೆಯಿತು. ಆರೋಗ್ಯವಂತರಾದ ಕೆಲವರು ಸ್ವಯಂಸೇವಕರಾಗಿ ಮುಂದೆ ಬಂದು ಹೆಕ್ಸಮೆಥೋನಿಯಮ್ ಎಂಬ ವಸ್ತುವನ್ನು ಉಸಿರಿನ ಮೂಲಕ ಒಳಗೆ ಸೇದಿಕೊಂಡರು. ಅವರಲ್ಲಿ 24 ವರ್ಷ ವಯಸ್ಸಿನ ತರುಣಿಯೊಬ್ಬರ ಶ್ವಾಸಕೋಶಗಳು ಕೆಟ್ಟು, ಜೂನ್ ತಿಂಗಳಿನಲ್ಲಿ ಅವರು ಮೃತರಾದರು. ಅನಂತರ ವಿಚಾರಣೆ ನಡೆದಾಗ ಒಂದು ಸಂಗತಿ ಹೊರಬಿದ್ದಿತು. 1950ರ ದಶಕದಲ್ಲಿ ಇದೇ ವಸ್ತುವನ್ನು ರಕ್ತದ ಏರೊತ್ತಡಕ್ಕೆ ಔಷಧವಾಗಿ ಕೊಡುತ್ತಿದ್ದರು; ಅದರಿಂದ ಶ್ವಾಸಕೋಶಗಳಿಗೆ ಹಾನಿಯಾಗಬಹುದೆಂಬ ವರದಿಗಳು ಆ ಕಾಲದ ವೈದ್ಯ ನಿಯತಕಾಲಿಕಗಳಲ್ಲಿ ಅಚ್ಚಾಗಿದ್ದುವು. ಸಂಶೋಧಕರು ಹುಡುಕಾಟವನ್ನು ಮಾಡದೆ ಇರಲಿಲ್ಲ. ಆದರೆ ಅವರು ನೆಚ್ಚಿದ ಅಂತರಜಾಲದ ಸೂಚಿಯಲ್ಲಿ ಆಗ್ಗೆ 1966ಕ್ಕೆ ಹಿಂದಿನ ಪ್ರಬಂಧಗಳೇ ಸೇರಿರಲಿಲ್ಲ.

ಎರಡನೆಯ ಸಂಗತಿ ಆಫ್ರಿಕ ಖಂಡದ್ದು. 2014ರಲ್ಲಿ ಲೈಬೀರಿಯ ದೇಶದಲ್ಲಿ ಎಬೋಲ ರೋಗವು ಹರಡಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ದೇಶದಲ್ಲಿ ಎಬೋಲ ವೈರಸ್ಸು ಇದೆಯೆಂದು ಯಾರೂ ಎಣಿಸಿರಲಿಲ್ಲ. ಆದರೆ 1982ರಷ್ಟು ಹಿಂದೆಯೇ ಯೂರೋಪಿನ ಒಂದು ವೈರಸ್ ವಿಜ್ಞಾನ ಪತ್ರಿಕೆಯಲ್ಲಿ ಜರ್ಮನಿಯ ಸಂಶೋಧಕರು, ಲೈಬೀರಿಯದ ಜನರ ರಕ್ತದಲ್ಲಿ ಈ ವೈರಸ್ಸಿನ ಗುರುತುಗಳು ಕಂಡುಬಂದಿವೆಯೆಂದೂ ಅಲ್ಲಿನ ವೈದ್ಯರು ಎಚ್ಚರದಿಂದಿರಬೇಕೆಂದೂ ಬರೆದಿದ್ದರು. ಆ ಬರಹವು ಎಚ್ಚರವಹಿಸಬೇಕಾದವರ ಕಣ್ಣಿಗೆ ಬೀಳಲೇ ಇಲ್ಲ. 2015ರಲ್ಲಿ ಲೈಬೀರಿಯದ ಮುಖ್ಯ ವೈದ್ಯಾಧಿಕಾರಿಯೂ ಅವರ ಇಬ್ಬರು ಸಹೋದ್ಯೋಗಿಗಳೂ ಈ ವಿಷಯವನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ತಿಳಿಸುತ್ತ, ಅಂತಹ ಒಂದು ಪ್ರಬಂಧವನ್ನು ಅಂತರಜಾಲದಿಂದ ಇಳಿಸಿಕೊಳ್ಳಲು 45 ಡಾಲರು ತೆರಬೇಕಾಗುವುದೆಂದೂ ಅದು ಅಲ್ಲಿನ ವೈದ್ಯನೊಬ್ಬನ ಅರ್ಧ ವಾರದ ಸಂಬಳವೆಂದೂ ಬರೆದರು.

ಮೊದಲನೆಯದರಲ್ಲಿ ಬರಹವಿದ್ದೂ ಕಾಣಲಿಲ್ಲ. ಎರಡನೆಯದರಲ್ಲಿ ಕಂಡಿದ್ದರೂ ಕೈಗೆ ಎಟುಕುವಂತಿರಲಿಲ್ಲ. ಜ್ಞಾನವು ಲೋಕದಲ್ಲಿ ಎಲ್ಲಿಯೋ ಇದ್ದರೆ ಸಾಲದು. ಬೇಕಾದವನಿಗೆ ಬೇಕಾದಾಗ ಅದು ದೊರೆಯಬೇಕು. ಹುಡುಕುವುದು, ಪಡೆಯುವುದು ಎಂಬ ಈ ಎರಡು ವಿದ್ಯೆಗಳನ್ನು ಪ್ರೌಢಶಾಲೆ ಮತ್ತು ಕಾಲೇಜುಗಳ ವಿದ್ಯಾರ್ಥಿಗಳು ಸಹ ಕಲಿಯಬಹುದು. ಅದಕ್ಕೆ ಬೇಕಾದುದು ಅಂತರಜಾಲದ ಸಂಪರ್ಕವುಳ್ಳ ಒಂದು ಗಣಕಯಂತ್ರ ಅಥವಾ ಮೊಬೈಲು, ಸ್ವಲ್ಪ ಇಂಗ್ಲಿಷು, ಮತ್ತು ಸಾಕಷ್ಟು ತಾಳ್ಮೆ.

ಪ್ರಬಂಧವೆಂದರೇನು?

ವಿಜ್ಞಾನಿಯು ತಾನು ಕಂಡುದನ್ನು ಇತರ ವಿಜ್ಞಾನಿಗಳ ಪರೀಕ್ಷೆಗೆ ಒಪ್ಪಿಸುವ ಬರಹವೇ ಸಂಶೋಧನ ಪ್ರಬಂಧ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಓಲ್ಡನ್‌ಬರ್ಗ್ ಎಂಬಾತನು ‘ಫಿಲಸಾಫಿಕಲ್ ಟ್ರಾನ್ಸ್ಯಾಕ್ಷನ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದಂದಿನಿಂದ ಈ ಸಂಪ್ರದಾಯ ನಡೆದುಬಂದಿದೆ. ಕೇವಲ ವೈದ್ಯಶಾಸ್ತ್ರಕ್ಕೆ ಮೀಸಲಾದ ಪತ್ರಿಕೆಗಳಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ 1823ರಲ್ಲಿಯೂ, ಇಂದು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಎಂದು ಪ್ರಸಿದ್ಧವಾಗಿರುವ ಪತ್ರಿಕೆ 1840ರಲ್ಲಿಯೂ ಹುಟ್ಟಿದುವು. ನಮ್ಮ ದೇಶದ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ 1913ರಿಂದ ಪ್ರಕಟವಾಗುತ್ತಿದೆ.

ವೈದ್ಯಕೀಯ ಪ್ರಬಂಧಕ್ಕೆ ಸಾಮಾನ್ಯವಾಗಿ ನಾಲ್ಕು ಅಂಗಗಳಿರುತ್ತವೆ. ಪೀಠಿಕೆಯು ಪ್ರಶ್ನೆ ಯಾವುದೆಂಬುದನ್ನು ಹೇಳುತ್ತದೆ. ವಿಧಾನವು ಯಾರನ್ನು, ಎಷ್ಟು ಮಂದಿಯನ್ನು, ಹೇಗೆ ಪರೀಕ್ಷಿಸಿದರೆಂಬುದನ್ನು ವಿವರಿಸುತ್ತದೆ. ಫಲಿತಾಂಶವು ಕಂಡುಬಂದ ಅಂಕಿಗಳನ್ನು ಕೊಡುತ್ತದೆ. ಚರ್ಚೆಯು ಆ ಅಂಕಿಗಳ ಅರ್ಥವನ್ನೂ ಮಿತಿಗಳನ್ನೂ ತಿಳಿಸುತ್ತದೆ. ಇವಕ್ಕೆ ಮೊದಲು ಇನ್ನೂರು ಮುನ್ನೂರು ಪದಗಳ ಸಾರಾಂಶವೊಂದಿರುತ್ತದೆ. ಬೆಲೆ ತೆರಬೇಕಾದ ಪ್ರಬಂಧಗಳಲ್ಲಿಯೂ ಈ ಸಾರಾಂಶವನ್ನು ಬಹುಮಟ್ಟಿಗೆ ಪುಕ್ಕಟೆಯಾಗಿ ತೋರಿಸುತ್ತಾರೆ.

ಹಾಗಾದರೆ ಸಾರಾಂಶವನ್ನು ಓದಿದರೆ ಸಾಲದೆ? ಸಾಲದು. 1999ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಈ ವಿಷಯವನ್ನೇ ಕುರಿತ ಅಧ್ಯಯನವೊಂದು ಪ್ರಕಟವಾಯಿತು. ಆರು ಹೆಸರಾಂತ ವೈದ್ಯ ಪತ್ರಿಕೆಗಳ ಸಾರಾಂಶಗಳನ್ನು ಅವುಗಳ ಪೂರ್ಣ ಪಾಠದೊಡನೆ ಹೋಲಿಸಿ ನೋಡಿದಾಗ, ಒಳಗಿನ ಅಂಕಿಗಳಿಗೆ ಹೊಂದದ ಅಥವಾ ಒಳಗೆ ಇಲ್ಲವೇ ಇಲ್ಲದ ಸಂಗತಿಗಳು ಸಾರಾಂಶದಲ್ಲಿ ಕಂಡುಬಂದುವು. ಇಂತಹ ದೋಷವುಳ್ಳ ಸಾರಾಂಶಗಳ ಪ್ರಮಾಣ ಒಂದೊಂದು ಪತ್ರಿಕೆಯಲ್ಲಿ ಒಂದೊಂದು ರೀತಿಯಾಗಿದ್ದು, ಶೇಕಡ 18ರಿಂದ ಶೇಕಡ 68ರವರೆಗೆ ಇದ್ದಿತು. ಮದುವೆಯ ಕರೆಯೋಲೆಯನ್ನು ಓದಿದ ಮಾತ್ರಕ್ಕೆ ಊಟ ಮಾಡಿದಂತಾಗುವುದಿಲ್ಲ. ಹಾಗೆಯೇ ಸಾರಾಂಶವನ್ನು ಓದಿದವನು ಪ್ರಬಂಧವನ್ನು ಓದಿದಂತಾಗಲಿಲ್ಲ.

ಸೂಚಿಯ ಕಥೆ

ಪ್ರಬಂಧಗಳು ಸಾವಿರಗಟ್ಟಲೆಯಾದಾಗ ಅವುಗಳಲ್ಲಿ ಬೇಕಾದುದನ್ನು ಹುಡುಕಿ ತೆಗೆಯುವುದೇ ಒಂದು ಸಮಸ್ಯೆಯಾಯಿತು. ಇದಕ್ಕೆ ಪರಿಹಾರ ಕಂಡವನು ಅಮೆರಿಕದ ಸೈನ್ಯದ ಶಸ್ತ್ರವೈದ್ಯ ಜಾನ್ ಶಾ ಬಿಲ್ಲಿಂಗ್ಸ್. ಸೈನ್ಯದ ವೈದ್ಯ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಈತನು, 1879ರಲ್ಲಿ ಲೋಕದ ವೈದ್ಯ ಪತ್ರಿಕೆಗಳಲ್ಲಿ ಬಂದ ಪ್ರಬಂಧಗಳನ್ನು ವಿಷಯವಾರು ವಿಂಗಡಿಸಿ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕ ಸೂಚಿಯನ್ನು ಹೊರಡಿಸಿದನು. ಆ ಗ್ರಂಥಾಲಯವೇ 1956ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯ ಗ್ರಂಥಾಲಯವಾಯಿತು. 1964ರಲ್ಲಿ ಸೂಚಿಯ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದರು. 1971ರಲ್ಲಿ ದೂರವಾಣಿಯ ತಂತಿಯ ಮೂಲಕ ಹುಡುಕುವ ‘ಮೆಡ್‌ಲೈನ್’ ಬಂದಿತು. 1997ರ ಜೂನ್ ತಿಂಗಳಿನಲ್ಲಿ ಈ ಸೂಚಿಯನ್ನು ‘ಪಬ್‌ಮೆಡ್’ ಎಂಬ ಹೆಸರಿನಿಂದ ಅಂತರಜಾಲದಲ್ಲಿ ಲೋಕದ ಸಮಸ್ತರಿಗೂ ಉಚಿತವಾಗಿ ತೆರೆದಿಟ್ಟರು. ಇಂದು ಅದರಲ್ಲಿ 3 ಕೋಟಿ 70 ಲಕ್ಷಕ್ಕೂ ಮಿಕ್ಕು ಬರಹಗಳ ವಿವರಗಳಿವೆ. ಮೊದಲು ಹೇಳಿದ ದುರಂತಕ್ಕೆ ಕಾರಣವಾದ ಕೊರತೆಯೂ ಈಗ ಬಹುಮಟ್ಟಿಗೆ ನೀಗಿದೆ: 1940ರ ದಶಕದ ನಡುವಿನವರೆಗಿನ ಹಳೆಯ ಸೂಚಿಗಳನ್ನು ಅದಕ್ಕೆ ಸೇರಿಸಿದ್ದಾರೆ.

ಇಲ್ಲಿ ಒಂದು ಮಾತನ್ನು ನೆನಪಿನಲ್ಲಿಡಬೇಕು. ಪಬ್‌ಮೆಡ್ ಒಂದು ಸೂಚಿ. ಅದು ಪ್ರಬಂಧದ ಹೆಸರು, ಲೇಖಕರು, ಪತ್ರಿಕೆ, ಸಾರಾಂಶ ಇವನ್ನು ತೋರಿಸುತ್ತದೆ, ಪೂರ್ಣ ಪಾಠವನ್ನು ತಾನೇ ಇಟ್ಟುಕೊಂಡಿರುವುದಿಲ್ಲ. ಪೂರ್ಣ ಪಾಠಗಳನ್ನು ಇಟ್ಟಿರುವ ಭಂಡಾರ ಬೇರೆ. 2000ದಲ್ಲಿ ಅದೇ ಗ್ರಂಥಾಲಯವು ಆರಂಭಿಸಿದ ಅದರ ಹೆಸರು ‘ಪಬ್‌ಮೆಡ್ ಸೆಂಟ್ರಲ್’. ಅದರಲ್ಲಿ ಒಂದು ಕೋಟಿಗೂ ಹೆಚ್ಚು ಬರಹಗಳು ಯಾರು ಬೇಕಾದರೂ ಓದುವಂತೆ ತೆರೆದಿವೆ. ಹೆಸರುಗಳು ಹತ್ತಿರವಾಗಿರುವುದರಿಂದ ಹೊಸಬರು ಇವೆರಡನ್ನೂ ಒಂದೇ ಎಂದು ಭ್ರಮಿಸುವುದುಂಟು.

ಹುಡುಕುವ ಕ್ರಮ

ಕ್ರಮವನ್ನು ನಮ್ಮ ನಾಡಿನ ಉದಾಹರಣೆಯಿಂದಲೇ ತಿಳಿಯೋಣ. ಮಲೆನಾಡಿನ ಜನರಿಗೆ ‘ಮಂಗನ ಕಾಯಿಲೆ’ ಪರಿಚಿತವಾದ ಹೆಸರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದುವು. ಸುತ್ತಲಿನ ಹಳ್ಳಿಗರಿಗೆ ವಿಪರೀತ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು, ಇದು ಉಣ್ಣೆಗಳಿಂದ ಹರಡುವ ಹೊಸದೊಂದು ವೈರಸ್ಸೆಂದು ಕಂಡುಹಿಡಿದರು. ನಮ್ಮ ಒಂದು ಕಾಡಿನ ಹೆಸರು ಹೀಗೆ ಲೋಕದ ವೈದ್ಯಗ್ರಂಥಗಳಲ್ಲಿ ಸೇರಿಹೋಯಿತು.

ಈಗ ಸಾಗರದ ಅಥವಾ ತೀರ್ಥಹಳ್ಳಿಯ ವಿದ್ಯಾರ್ಥಿಯೊಬ್ಬಳು, ‘ಈ ಕಾಯಿಲೆಗೆ ನಮ್ಮ ಊರಿನಲ್ಲಿ ಹಾಕುತ್ತಿದ್ದ ಲಸಿಕೆ ಎಷ್ಟರಮಟ್ಟಿಗೆ ರಕ್ಷಣೆ ಕೊಟ್ಟಿತು?’ ಎಂದು ತಿಳಿಯಬಯಸುತ್ತಾಳೆನ್ನೋಣ. ಮೊದಲ ಕೆಲಸ, ಪ್ರಶ್ನೆಯನ್ನು ನಾಲ್ಕು ತುಂಡು ಮಾಡುವುದು. ಯಾರಲ್ಲಿ? ಕಾಯಿಲೆ ಇರುವ ಹಳ್ಳಿಗಳ ಜನರಲ್ಲಿ. ಯಾವ ಉಪಾಯ? ಲಸಿಕೆ. ಯಾವುದರೊಡನೆ ಹೋಲಿಕೆ? ಲಸಿಕೆ ಹಾಕಿಸಿಕೊಳ್ಳದವರೊಡನೆ. ಯಾವ ಫಲ? ಕಾಯಿಲೆ ಬರುವುದು ಅಥವಾ ಬಾರದಿರುವುದು. ಬಹುತೇಕ ಎಲ್ಲ ಚಿಕಿತ್ಸಾಪ್ರಶ್ನೆಗಳನ್ನೂ ಹೀಗೆ ಬಿಡಿಸಬಹುದು. ಬಿಡಿಸಿದರೆ ಹುಡುಕಬೇಕಾದ ಪದಗಳು ತಾವಾಗಿಯೇ ಹೊರಬರುತ್ತವೆ.

ಎರಡನೆಯ ಕೆಲಸ, ಸರಿಯಾದ ಹೆಸರನ್ನು ಹಿಡಿಯುವುದು. ಮೈಸೂರಿನವರು ಕಡಲೆಕಾಯಿ ಎನ್ನುವುದನ್ನು ಧಾರವಾಡದವರು ಶೇಂಗಾ ಎನ್ನುತ್ತಾರೆ. ಅಂಗಡಿಯವನಿಗೆ ಎರಡೂ ಒಂದೇ ಎಂದು ತಿಳಿದಿರುತ್ತದೆ. ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು. ಇದಕ್ಕಾಗಿ ವೈದ್ಯ ಗ್ರಂಥಾಲಯದವರು 1960ರಿಂದ ‘ಮೆಶ್’ ಎಂಬ ಪದಪಟ್ಟಿಯೊಂದನ್ನು ಇಟ್ಟುಕೊಂಡಿದ್ದಾರೆ. ಅದರಲ್ಲಿ ಮೂವತ್ತು ಸಾವಿರದಷ್ಟು ಶೀರ್ಷಿಕೆಗಳಿವೆ. ಲೇಖಕನು ಯಾವ ಪದವನ್ನೇ ಬಳಸಿರಲಿ, ಪ್ರಬಂಧವು ಹೃದಯಾಘಾತದ ವಿಷಯವಾಗಿದ್ದರೆ ಅದಕ್ಕೆ ‘ಮಯೋಕಾರ್ಡಿಯಲ್ ಇನ್‌ಫಾರ್ಕ್‌ಷನ್’ ಎಂಬ ಒಂದೇ ಶೀರ್ಷಿಕೆಯನ್ನು ಅಂಟಿಸುತ್ತಾರೆ. ನಮ್ಮ ವಿದ್ಯಾರ್ಥಿನಿಯು ‘ಮಂಗನ ಜ್ವರ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿ ಹುಡುಕಿದರೆ ಮಂಗಗಳಿಗೆ ಸಂಬಂಧಿಸಿದ ಬೇರೆ ಬೇರೆ ಬರಹಗಳೂ ಬಂದು ಬೀಳಬಹುದು. ಪಟ್ಟಿಯಲ್ಲಿರುವ ಹೆಸರು ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’. ಅದನ್ನು ಕೊಟ್ಟರೆ ಬಾಗಿಲು ನೇರವಾಗಿ ತೆರೆಯುತ್ತದೆ. ತೀರ ಹೊಸ ಬರಹಗಳಿಗೆ ಶೀರ್ಷಿಕೆ ಅಂಟಿಸಲು ಕೆಲಕಾಲ ಹಿಡಿಯಬಹುದಾದುದರಿಂದ, ಸಾಮಾನ್ಯ ಪದಗಳಿಂದಲೂ ಒಮ್ಮೆ ಹುಡುಕುವುದು ಒಳ್ಳೆಯದು.

ಮೂರನೆಯ ಕೆಲಸ, ಪದಗಳನ್ನು ಜೋಡಿಸುವುದು. ಇದರ ಹಿಂದೆ ಇರುವುದು ಜಾರ್ಜ್ ಬೂಲ್ ಎಂಬ ಗಣಿತಜ್ಞನ ತರ್ಕಗಣಿತ. ಕ್ಯಾಸನೂರು ಕಾಯಿಲೆಯ ಬರಹಗಳೆಲ್ಲ ಒಂದು ವೃತ್ತದೊಳಗಿವೆಯೆಂದೂ, ಲಸಿಕೆಯ ಬರಹಗಳೆಲ್ಲ ಇನ್ನೊಂದು ವೃತ್ತದೊಳಗಿವೆಯೆಂದೂ ಭಾವಿಸಿರಿ. ಎರಡು ಪದಗಳ ನಡುವೆ ‘ಆಂಡ್’ ಎಂದು ಹಾಕಿದರೆ ಎರಡು ವೃತ್ತಗಳೂ ಕೂಡುವ ಭಾಗ ಮಾತ್ರ ದೊರೆಯುತ್ತದೆ. ‘ಆರ್’ ಎಂದು ಹಾಕಿದರೆ ಎರಡೂ ವೃತ್ತಗಳು ಪೂರ್ತಿಯಾಗಿ ದೊರೆಯುತ್ತವೆ. ‘ನಾಟ್’ ಎಂದರೆ ಒಂದರಿಂದ ಇನ್ನೊಂದನ್ನು ಕಳೆದಂತೆ. ಬಲೆಯ ಕಣ್ಣು ದೊಡ್ಡದಾದರೆ ಬೇಕಾದ ಮೀನೂ ಜಾರಿಹೋಗುತ್ತದೆ, ಸಣ್ಣದಾದರೆ ಕಸಕಡ್ಡಿಯೂ ಸೇರುತ್ತದೆ. ಒಂದೆರಡು ಸಲ ಬೀಸಿ ನೋಡಿಯೇ ಅಳತೆಯನ್ನು ತಿಳಿಯಬೇಕು.

ಹೀಗೆ ಕಾಯಿಲೆಯ ಹೆಸರನ್ನೂ ‘ವ್ಯಾಕ್ಸೀನ್’ ಎಂಬ ಪದವನ್ನೂ ಕೂಡಿಸಿ ಹುಡುಕಿದಾಗ ದೊರೆಯುವ ಬರಹಗಳಲ್ಲಿ, 2013ರಲ್ಲಿ ‘ಪಿಎಲ್ಒಎಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್’ ಎಂಬ ಪತ್ರಿಕೆಯಲ್ಲಿ ಅಚ್ಚಾದ ಒಂದು ಪ್ರಬಂಧವಿದೆ. 2005ರಿಂದ 2010ರವರೆಗೆ ಕರ್ನಾಟಕದಲ್ಲಿ ಈ ಲಸಿಕೆ ಎಷ್ಟು ಜನರಿಗೆ ತಲುಪಿತು, ಎಷ್ಟು ಫಲಕಾರಿಯಾಯಿತು ಎಂಬುದೇ ಅದರ ವಿಷಯ. ಒಂದೇ ಸಲ ಲಸಿಕೆ ಹಾಕಿಸಿಕೊಂಡವರಲ್ಲಿ ರಕ್ಷಣೆ ಕಂಡುಬರಲಿಲ್ಲ. ಎರಡು ಸಲ ಹಾಕಿಸಿಕೊಂಡವರಲ್ಲಿ ಶೇಕಡ 62ರಷ್ಟು, ಆಮೇಲೆ ಮತ್ತೊಮ್ಮೆ ಹಾಕಿಸಿಕೊಂಡವರಲ್ಲಿ ಶೇಕಡ 83ರಷ್ಟು ರಕ್ಷಣೆ ಕಂಡುಬಂದಿತು. ಲಸಿಕೆ ಹಾಕಿಸಿಕೊಂಡವರ ಪ್ರಮಾಣವೇ ಕಡಿಮೆಯಾಗಿತ್ತು. ಇವು ಅದರ ಮುಖ್ಯ ಫಲಿತಾಂಶಗಳು. 62 ಎಂಬ ಅಂಕಿಯ ಪಕ್ಕದಲ್ಲಿ, ನಿಜವಾದ ಬೆಲೆ ಸುಮಾರು 26ರಿಂದ 81ರ ನಡುವೆ ಇರಬಹುದೆಂದು ಸೂಚಿಸಿದ್ದಾರೆ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಅಳತೆಯ ಪಕ್ಕದಲ್ಲಿ ದೋಷದ ಮಿತಿಯನ್ನು ಬರೆಯಲು ಕಲಿತ ವಿದ್ಯಾರ್ಥಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಬಾಯಿಂದ ಬಾಯಿಗೆ ಹರಡುವ ಸುದ್ದಿಯಲ್ಲಿ ಉಳಿಯುವುದು 62 ಮಾತ್ರ. 26 ಮತ್ತು 81 ಇರುವುದು ಮೂಲದಲ್ಲಿ. ಈ ಲಸಿಕೆಯ ಬಳಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಏಕೆ ನಿಲ್ಲಿಸಿರಬಹುದೆಂದು ಯೋಚಿಸುವವರು ಇಂತಹ ಅಂಕಿಗಳಿಂದಲೇ ಆರಂಭಿಸಬೇಕು.

ನಾಲ್ಕನೆಯ ಕೆಲಸ, ಒಂದು ಪ್ರಬಂಧದಿಂದ ಇನ್ನೊಂದಕ್ಕೆ ನಡೆಯುವುದು. ಪ್ರತಿಯೊಂದು ಪ್ರಬಂಧದ ಕೊನೆಯಲ್ಲಿಯೂ ಅದು ಆಧರಿಸಿದ ಹಿಂದಿನ ಬರಹಗಳ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಹಿಡಿದು ಹಿಂದೆ ಹಿಂದೆ ನಡೆದರೆ, ಪುಣೆಯ ಕೇಂದ್ರದ ವರ್ಕ್ ಮತ್ತು ಟ್ರಾಪಿಡೋ ಎಂಬ ವಿಜ್ಞಾನಿಗಳು 1957ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ ಪತ್ರಿಕೆಯಲ್ಲಿ ಬರೆದ ಮೊದಲ ವರದಿಯವರೆಗೂ ಹೋಗಬಹುದು. ಮುಂದಕ್ಕೂ ನಡೆಯಬಹುದು: ಈ ಪ್ರಬಂಧವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆಂಬುದನ್ನು ಪಬ್‌ಮೆಡ್ಡೂ 2004ರಲ್ಲಿ ಆರಂಭವಾದ ಗೂಗಲ್ ಸ್ಕಾಲರೂ ತೋರಿಸುತ್ತವೆ. 1960ರ ದಶಕದಲ್ಲಿ ಈ ಬಗೆಯ ಉಲ್ಲೇಖಸೂಚಿಗೆ ದಾರಿ ಮಾಡಿದವನು ಯೂಜೀನ್ ಗಾರ್ಫೀಲ್ಡ್. ಹೆಕ್ಸಮೆಥೋನಿಯಮ್ಮಿನ ದುರಂತದ ಪಾಠವೂ ಇದೇ: ಯಾವ ಒಂದು ಸೂಚಿಯನ್ನೂ ಸಂಪೂರ್ಣವೆಂದು ನಂಬಬಾರದು, ಅದು ಯಾವ ವರ್ಷದಿಂದ ಆರಂಭವಾಗುತ್ತದೆಂಬುದನ್ನು ಮೊದಲು ನೋಡಬೇಕು.

ಬೆಲೆ ಏಕೆ?

ಪ್ರಬಂಧವನ್ನು ಬರೆದವರಿಗೆ ಪತ್ರಿಕೆಯು ಸಂಭಾವನೆಯನ್ನು ಕೊಡುವುದಿಲ್ಲ. ಅದನ್ನು ಪರಿಶೀಲಿಸುವ ತಜ್ಞರೂ ಸಾಮಾನ್ಯವಾಗಿ ಹಣ ಪಡೆಯುವುದಿಲ್ಲ. ಸಂಶೋಧನೆಯ ವೆಚ್ಚವು ಅನೇಕ ವೇಳೆ ಸರ್ಕಾರದ್ದು, ಎಂದರೆ ತೆರಿಗೆ ತೆತ್ತವರದು. ಹೀಗಿದ್ದರೂ ಒಂದು ಪ್ರಬಂಧಕ್ಕೆ ಮೂವತ್ತು, ನಲವತ್ತು ಡಾಲರು ಕೇಳುವುದು ಸಾಮಾನ್ಯ. ಸಂಪಾದನೆ, ಅಚ್ಚು, ಸಂರಕ್ಷಣೆ ಇವಕ್ಕೆ ವೆಚ್ಚ ತಗಲುತ್ತದೆಂಬುದು ಪ್ರಕಾಶಕರ ವಾದ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಒಂದು ಪತ್ರಿಕೆಯಲ್ಲಿರುವ ಪ್ರಬಂಧ ಇನ್ನೊಂದರಲ್ಲಿ ದೊರೆಯುವುದಿಲ್ಲ. ಬೇರೆ ಅಂಗಡಿ ಇಲ್ಲದ ಊರಿನಲ್ಲಿ ಅಂಗಡಿಯವನು ಹೇಳಿದ್ದೇ ಬೆಲೆ.

ಇದನ್ನು ಪ್ರತಿಭಟಿಸಿ 2002ರಲ್ಲಿ ಹಂಗೆರಿಯ ಬುಡಾಪೆಸ್ಟ್ ನಗರದ ಹೆಸರಿನಲ್ಲಿ ಹೊರಟ ಘೋಷಣೆಯೊಂದು, ಸಂಶೋಧನ ಬರಹಗಳು ಎಲ್ಲರಿಗೂ ಉಚಿತವಾಗಿ ತೆರೆದಿರಬೇಕೆಂದು ಸಾರಿತು. ಇದೇ ಮುಕ್ತ ಪ್ರಕಟಣೆಯ ಚಳವಳಿ. ಮೇಲೆ ಹೇಳಿದ 2013ರ ಪ್ರಬಂಧ ಅಚ್ಚಾದುದು ಇಂತಹ ಮುಕ್ತ ಪತ್ರಿಕೆಯಲ್ಲಿ. ಇಲ್ಲಿ ಓದುವವನು ಹಣ ಕೊಡಬೇಕಾಗಿಲ್ಲ. ಆದರೆ ಅನೇಕ ಮುಕ್ತ ಪತ್ರಿಕೆಗಳು ಬರೆಯುವವನಿಂದ ಶುಲ್ಕ ಪಡೆಯುತ್ತವೆ. ಭಾರ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಯಿತೆಂಬ ಆಕ್ಷೇಪಣೆ ಇರುವುದು ಇದರಿಂದಲೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ತನ್ನ ಹಣದಿಂದ ನಡೆದ ಸಂಶೋಧನೆಯ ಪ್ರಬಂಧಗಳನ್ನು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಇಡಬೇಕೆಂದು 2008ರಿಂದ ಕಡ್ಡಾಯ ಮಾಡಿದೆ. ಮೊದಲು ಒಂದು ವರ್ಷದವರೆಗೆ ತಡೆಹಿಡಿಯಲು ಅವಕಾಶವಿದ್ದಿತು; 2025ರ ಜುಲೈಯಿಂದ ಆ ತಡೆಯೂ ಇಲ್ಲ.

ಪಡೆಯುವ ದಾರಿಗಳು

ಬೇಕಾದ ಪ್ರಬಂಧದ ಹೆಸರು ತಿಳಿದ ಮೇಲೆ ಅದರ ಪೂರ್ಣ ಪಾಠಕ್ಕಾಗಿ ಒಂದಾದ ಮೇಲೊಂದರಂತೆ ಕೆಲವು ಬಾಗಿಲುಗಳನ್ನು ತಟ್ಟಬೇಕು.

ಮೊದಲನೆಯದು, ಪಬ್‌ಮೆಡ್ಡಿನ ಪುಟದಲ್ಲಿಯೇ ಇರುವ ಪೂರ್ಣ ಪಾಠದ ಕೊಂಡಿ. ಉಚಿತವಾಗಿದ್ದರೆ ಅಲ್ಲಿಯೇ ಹಾಗೆಂದು ಬರೆದಿರುತ್ತದೆ. ಪ್ರಕಾಶಕನ ಬಾಗಿಲು ಮುಚ್ಚಿದ್ದರೂ ಪಬ್‌ಮೆಡ್ ಸೆಂಟ್ರಲ್ಲಿನ ಬಾಗಿಲು ತೆರೆದಿರಬಹುದು. ಕ್ಯಾಸನೂರು ಕಾಯಿಲೆಯನ್ನು ಕುರಿತು 2012ರಲ್ಲಿ ‘ಆಂಟಿವೈರಲ್ ರಿಸರ್ಚ್’ ಎಂಬ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯ ಪ್ರತಿ ಹೀಗೆ ಅಲ್ಲಿ ದೊರೆಯುತ್ತದೆ. ಬಹಳ ಹಳೆಯ ಬರಹಗಳೂ ಅಲ್ಲಿವೆ. ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ 1840ರಿಂದ ಮುಂದಿನ ಸಂಚಿಕೆಗಳ ಪುಟಗಳನ್ನು ಛಾಯಾಚಿತ್ರವಾಗಿ ತೆಗೆದು ಅಲ್ಲಿ ಇಟ್ಟಿದ್ದಾರೆ. ಸಿಕಂದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದ ರೊನಾಲ್ಡ್ ರಾಸ್, ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಕುರುಹನ್ನು ಕಂಡ ಸಂಗತಿಯನ್ನು 1897ರ ಡಿಸೆಂಬರ್ ಸಂಚಿಕೆಯಲ್ಲಿ ಪ್ರಕಟಿಸಿದನು. ನೊಬೆಲ್ ಬಹುಮಾನಕ್ಕೆ ಕಾರಣವಾದ ಆ ಕೆಲಸದ ಮೂಲ ಬರಹವನ್ನು ಇಂದು ಹಳ್ಳಿಯ ಪ್ರೌಢಶಾಲೆಯ ಹುಡುಗನೂ ಕಾಸು ಖರ್ಚಿಲ್ಲದೆ ಓದಬಹುದು.

ಎರಡನೆಯದು, ಬೇರೆಡೆ ಇಟ್ಟಿರುವ ಪ್ರತಿಯನ್ನು ಹುಡುಕುವುದು. ಇಂದಿನ ಬಹುತೇಕ ಪ್ರಬಂಧಗಳಿಗೆ ‘ಡಿಒಐ’ ಎಂಬ ಶಾಶ್ವತ ಸಂಖ್ಯೆಯೊಂದಿರುತ್ತದೆ. ಅದು 10 ಎಂಬ ಅಂಕಿಯಿಂದ ಆರಂಭವಾಗಿ, ಮೊದಲ ಭಾಗದಲ್ಲಿ ಪ್ರಕಾಶಕನನ್ನೂ ಎರಡನೆಯ ಭಾಗದಲ್ಲಿ ಆ ಬರಹವನ್ನೂ ಗುರುತಿಸುತ್ತದೆ. ಪತ್ರಿಕೆಯ ವಿಳಾಸ ಬದಲಾದರೂ ಈ ಸಂಖ್ಯೆ ಬದಲಾಗದು. ‘ಅನ್‌ಪೇವಾಲ್’ ಎಂಬ ಉಚಿತ ಸಾಧನಕ್ಕೆ ಈ ಸಂಖ್ಯೆಯನ್ನು ಕೊಟ್ಟರೆ, ಲೇಖಕನು ತನ್ನ ವಿಶ್ವವಿದ್ಯಾನಿಲಯದ ಭಂಡಾರದಲ್ಲಿಯೋ ಬೇರೆಡೆಯೋ ನ್ಯಾಯಸಮ್ಮತವಾಗಿ ಇಟ್ಟಿರುವ ಪ್ರತಿಯನ್ನು ಅದು ಹುಡುಕಿಕೊಡುತ್ತದೆ. ಗೂಗಲ್ ಸ್ಕಾಲರಿನಲ್ಲಿ ಪ್ರಬಂಧದ ಹೆಸರಿನ ಕೆಳಗೆ ಇತರ ಪ್ರತಿಗಳನ್ನು ತೋರಿಸುವ ಕೊಂಡಿಯೂ ಇದೇ ಕೆಲಸಕ್ಕೆ ಬರುತ್ತದೆ. ನಮ್ಮ ದೇಶದ ವಿಶ್ವವಿದ್ಯಾನಿಲಯಗಳ ಡಾಕ್ಟರೇಟ್ ಮಹಾಪ್ರಬಂಧಗಳು ‘ಶೋಧಗಂಗಾ’ ಎಂಬ ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತವೆ.

ಮೂರನೆಯದು, ಕಾಲೇಜಿನ ಗ್ರಂಥಪಾಲಕರು. ವಿದ್ಯಾರ್ಥಿಗಳು ಮರೆಯುವ ಬಾಗಿಲು ಇದೇ. ಭಾರತ ಸರ್ಕಾರವು 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಇದಕ್ಕೆ ತೆಗೆದಿಟ್ಟು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ವಿದ್ಯಾಸಂಸ್ಥೆ ಮತ್ತು ಸಂಶೋಧನ ಸಂಸ್ಥೆಗಳಿಗೆ ತೆರೆಯುವುದು ಅದರ ಉದ್ದೇಶ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಅದನ್ನು ನಡೆಸುತ್ತದೆ. ಆದುದರಿಂದ ಸರ್ಕಾರಿ ಪದವಿ ಕಾಲೇಜಿನ ವಿದ್ಯಾರ್ಥಿಯು ಲ್ಯಾನ್ಸೆಟ್ಟಿನಂತಹ ಪತ್ರಿಕೆ ನಮಗೆಲ್ಲಿ ಸಿಕ್ಕೀತೆಂದು ಕೈಚೆಲ್ಲುವ ಮೊದಲು, ತನ್ನ ಗ್ರಂಥಪಾಲಕರನ್ನು ಒಂದು ಮಾತು ಕೇಳಬೇಕು. ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳು ಇದರಲ್ಲಿ ಸೇರಿಲ್ಲವೆಂಬುದು ಒಂದು ಕೊರತೆ. ವಿಶ್ವ ಆರೋಗ್ಯ ಸಂಸ್ಥೆಯು 2002ರಿಂದ ಬಡ ರಾಷ್ಟ್ರಗಳಿಗಾಗಿ ನಡೆಸುತ್ತಿರುವ ‘ಹಿನಾರಿ’ ಎಂಬ ಯೋಜನೆಯೂ ಉಂಟು. ಆದರೆ ಭಾರತವು ಅದರ ಪಟ್ಟಿಯಲ್ಲಿ ಇಲ್ಲ.

ಇನ್ನೂ ಗಣಕಯಂತ್ರಕ್ಕೆ ಏರದ ಹಳೆಯ ಸಂಚಿಕೆಗಳಿಗೆ ಹಳೆಯ ಮಾರ್ಗವೇ ಗತಿ. ಹಿಂದಿನಿಂದ ನಡೆದುಬಂದ ವೈದ್ಯಕೀಯ ಕಾಲೇಜುಗಳ ಗ್ರಂಥಾಲಯಗಳಲ್ಲಿ ಇಂತಹ ಸಂಚಿಕೆಗಳನ್ನು ವರ್ಷವಾರು ಸಂಪುಟಗಳಾಗಿ ಕಟ್ಟಿ ಇಟ್ಟಿರುತ್ತಾರೆ. ಹೊರಗಿನವರು ಪ್ರಾಂಶುಪಾಲರಿಂದ ಪತ್ರವೊಂದನ್ನು ತಂದು, ಪತ್ರಿಕೆಯ ಹೆಸರು, ವರ್ಷ, ಸಂಪುಟ, ಪುಟಸಂಖ್ಯೆಗಳನ್ನು ಸ್ಪಷ್ಟವಾಗಿ ಬರೆದುಕೊಟ್ಟು ಕೇಳಿದರೆ ಕೆಲಸ ಸುಗಮವಾಗುತ್ತದೆ. ಒಂದು ಗ್ರಂಥಾಲಯದಲ್ಲಿ ಇಲ್ಲದುದನ್ನು ಇನ್ನೊಂದರಿಂದ ತರಿಸಿಕೊಡುವ ಪದ್ಧತಿಯೂ ಗ್ರಂಥಪಾಲಕರಲ್ಲಿ ಉಂಟು.

ನಾಲ್ಕನೆಯದು, ಲೇಖಕರಿಗೇ ಬರೆಯುವುದು. ಹಿಂದೆ ಪ್ರಬಂಧ ಅಚ್ಚಾದಾಗ ಪತ್ರಿಕೆಯವರು ಅದರ ಬಿಡಿ ಪ್ರತಿಗಳನ್ನು ಲೇಖಕರಿಗೆ ಒದಗಿಸುತ್ತಿದ್ದರು. ದೂರದೇಶದ ವಿಜ್ಞಾನಿಗಳು ಕಾರ್ಡು ಬರೆದು ಕೇಳಿದರೆ ಲೇಖಕರು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಈ ಸೌಜನ್ಯ ಇಂದಿಗೂ ಅಳಿದಿಲ್ಲ. ಕಾರ್ಡಿನ ಸ್ಥಾನಕ್ಕೆ ಇ-ಮೇಲ್ ಬಂದಿದೆಯಷ್ಟೆ. ಪತ್ರವ್ಯವಹಾರಕ್ಕೆ ಯಾವ ಲೇಖಕರನ್ನು ಸಂಪರ್ಕಿಸಬೇಕೆಂಬುದನ್ನು ಪ್ರಬಂಧದ ಮೊದಲ ಪುಟದಲ್ಲಿಯೇ ಕೊಟ್ಟಿರುತ್ತಾರೆ. ಪತ್ರವು ನಾಲ್ಕು ಸಾಲನ್ನು ಮೀರದಿರಲಿ: ‘ಮಾನ್ಯರೆ, ನಾನು ಇಂತಹ ಊರಿನ ಇಂತಹ ಕಾಲೇಜಿನ ವಿದ್ಯಾರ್ಥಿ. ಇಂತಹ ವರ್ಷದಲ್ಲಿ ಪ್ರಕಟವಾದ ಈ ಹೆಸರಿನ ತಮ್ಮ ಪ್ರಬಂಧವನ್ನು ನನ್ನ ಅಧ್ಯಯನಕ್ಕಾಗಿ ಓದಬಯಸಿದ್ದೇನೆ. ನಮ್ಮ ಗ್ರಂಥಾಲಯದಲ್ಲಿ ಅದು ದೊರೆಯಲಿಲ್ಲ. ಒಂದು ಪ್ರತಿಯನ್ನು ಕಳುಹಿಸಿದರೆ ಉಪಕೃತನಾಗುತ್ತೇನೆ.’ ಇದನ್ನೇ ಸರಳವಾದ ಇಂಗ್ಲಿಷಿನಲ್ಲಿ ಬರೆದರಾಯಿತು. ಎಲ್ಲರೂ ಉತ್ತರಿಸುತ್ತಾರೆಂದಲ್ಲ. ಆದರೆ ತಮ್ಮ ಬರಹವನ್ನು ದೂರದ ಊರಿನಲ್ಲಿ ಒಬ್ಬರು ಓದಬಯಸುತ್ತಾರೆಂದರೆ ಸಂತೋಷಪಡುವವರೇ ಹೆಚ್ಚು.

ಇವಲ್ಲದೆ, ಪ್ರಕಾಶಕರ ಅನುಮತಿಯಿಲ್ಲದೆ ಲಕ್ಷಾಂತರ ಪ್ರಬಂಧಗಳನ್ನು ಹಂಚುವ ತಾಣಗಳೂ ಹುಟ್ಟಿಕೊಂಡಿವೆ. 2011ರಲ್ಲಿ ಆರಂಭವಾದ ‘ಸೈ-ಹಬ್’ ಅವುಗಳಲ್ಲಿ ಪ್ರಸಿದ್ಧವಾದುದು. 2025ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅದನ್ನು ನಮ್ಮ ದೇಶದಲ್ಲಿ ತಡೆಯುವಂತೆ ಆಜ್ಞೆ ಮಾಡಿತು. ಅಂತಹ ತಾಣಗಳು ಹುಟ್ಟಲು ಕಾರಣವೇನೆಂಬುದನ್ನು ಬೆಲೆಯ ವಿಷಯವನ್ನೋದಿದವರು ಊಹಿಸಬಲ್ಲರು. ಆದರೆ ನ್ಯಾಯಸಮ್ಮತವಾದ ನಾಲ್ಕು ಬಾಗಿಲುಗಳಿರುವಾಗ ವಿದ್ಯಾರ್ಥಿಗಳು ಮೊದಲು ಅವುಗಳನ್ನು ಬಳಸಲು ಕಲಿಯುವುದು ಮೇಲು.

ಕೈಗೆ ಬಂದ ಮೇಲೆ

ಅಚ್ಚಾದುದೆಲ್ಲ ಸತ್ಯವಲ್ಲ. 1998ರಲ್ಲಿ ಲ್ಯಾನ್ಸೆಟ್ಟಿನಲ್ಲಿ ಪ್ರಕಟವಾಗಿ, ಮಕ್ಕಳ ಲಸಿಕೆಗೂ ಆಟಿಸಮ್ ಎಂಬ ಸ್ಥಿತಿಗೂ ಸಂಬಂಧವಿದೆಯೆಂಬ ಭಯವನ್ನು ಹಬ್ಬಿಸಿದ ಪ್ರಬಂಧವನ್ನು ಆ ಪತ್ರಿಕೆಯು 2010ರಲ್ಲಿ ಹಿಂದೆಗೆದುಕೊಂಡಿತು. ಹನ್ನೆರಡು ವರ್ಷಗಳಲ್ಲಿ ಆಗಬೇಕಾದ ಅನಾಹುತ ಆಗಿಹೋಗಿದ್ದಿತು. 2020ರಲ್ಲಿ ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಡುವುದನ್ನು ಕುರಿತು ಅದೇ ಪತ್ರಿಕೆಯಲ್ಲಿ ಬಂದ ಪ್ರಬಂಧವನ್ನು, ಅದರ ಅಂಕಿಗಳನ್ನು ಪರೀಕ್ಷಿಸಲು ಸಾಧ್ಯವಾಗದ ಕಾರಣ, ಎರಡೇ ವಾರಗಳಲ್ಲಿ ಹಿಂದೆಗೆದುಕೊಳ್ಳಲಾಯಿತು. ಹೀಗೆ ಹಿಂದೆಗೆದುಕೊಂಡ ಪ್ರಬಂಧದ ಮೇಲೆ ಪಬ್‌ಮೆಡ್ಡಿನಲ್ಲಿ ಎದ್ದುಕಾಣುವ ಸೂಚನೆಯಿರುತ್ತದೆ. ಓದುವ ಮೊದಲು ಅದನ್ನು ನೋಡಬೇಕು. ಬೇರೆಡೆಯಿಂದ ಪ್ರತಿಯನ್ನು ಪಡೆದಿದ್ದರಂತೂ ಪಬ್‌ಮೆಡ್ಡಿಗೆ ಹಿಂತಿರುಗಿ ನೋಡಲೇಬೇಕು.

ಪರಿಶೀಲನೆಗೆ ಮುಂಚೆಯೇ ಅಂತರಜಾಲದಲ್ಲಿ ಇಡುವ ಕರಡು ಪ್ರಬಂಧಗಳೂ ಉಂಟು. ಭೌತವಿಜ್ಞಾನವನ್ನು ಬೋಧಿಸುವ ನಮ್ಮಂತಹವರಿಗೆ ಇದು ಹಳೆಯ ರೂಢಿ: 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಆರಂಭಿಸಿದ ‘ಆರ್ಕೈವ್’ ಭಂಡಾರದಿಂದ ನಾವು ದಿನವೂ ಇಂತಹ ಕರಡುಗಳನ್ನು ಓದುತ್ತೇವೆ. ವೈದ್ಯಶಾಸ್ತ್ರದಲ್ಲಿ ಇದೇ ಬಗೆಯ ‘ಮೆಡ್ಆರ್ಕೈವ್’ ಬಂದುದು 2019ರಲ್ಲಿ. ಈ ವಿಳಂಬಕ್ಕೆ ತಕ್ಕ ಕಾರಣವಿದೆ. ನಕ್ಷತ್ರದ ವಿಷಯದಲ್ಲಿ ಕರಡು ತಪ್ಪಾದರೆ ನಕ್ಷತ್ರಕ್ಕೆ ನೋವಾಗುವುದಿಲ್ಲ. ಔಷಧದ ವಿಷಯದಲ್ಲಿ ತಪ್ಪಾದರೆ ರೋಗಿಗೆ ನೋವಾಗುತ್ತದೆ. ಆದುದರಿಂದ ವೈದ್ಯಕೀಯ ಕರಡನ್ನು ಸಿದ್ಧಾಂತವೆಂದು ಭಾವಿಸದೆ, ಸೂಚನೆಯೆಂದು ಮಾತ್ರ ತಿಳಿಯಬೇಕು. ಶುಲ್ಕದ ಆಸೆಗಾಗಿ ಪರಿಶೀಲನೆಯೇ ಇಲ್ಲದೆ ಪ್ರಕಟಿಸುವ ಹುಸಿ ಪತ್ರಿಕೆಗಳೂ ಇವೆ, ಅವುಗಳಿಂದ ದೂರವಿರಬೇಕು.

ಮತ್ತೊಂದು ಎಚ್ಚರಿಕೆ. ಪ್ರಬಂಧವೊಂದನ್ನು ಓದಿ ಮನೆಯವರ ಔಷಧವನ್ನು ಬದಲಿಸುವ ಸಾಹಸವನ್ನು ಯಾರೂ ಮಾಡಬಾರದು. ಒಂದು ಪ್ರಬಂಧವು ಒಂದು ಇಟ್ಟಿಗೆ, ಗೋಡೆಯಲ್ಲ. ಓದಿದುದನ್ನು ವೈದ್ಯರ ಮುಂದಿಟ್ಟು ‘ಇದರ ವಿಷಯದಲ್ಲಿ ತಮ್ಮ ಅಭಿಪ್ರಾಯವೇನು?’ ಎಂದು ಕೇಳುವುದೇ ಸರಿಯಾದ ಬಳಕೆ.

ಲೈಬೀರಿಯದ ಪ್ರಬಂಧವು ಮೂವತ್ತೆರಡು ವರ್ಷಗಳ ಕಾಲ ಓದುವವರಿಗಾಗಿ ಕಾದಿದ್ದಿತು. ನಮ್ಮ ಊರು, ನಮ್ಮ ಕಾಡು, ನಮ್ಮ ಕಾಯಿಲೆಗಳನ್ನು ಕುರಿತ ಎಷ್ಟು ಬರಹಗಳು ಹಾಗೆ ಕಾಯುತ್ತಿರಬಹುದು! ಅವುಗಳನ್ನು ಹುಡುಕಿ ಓದುವ ಕೆಲಸಕ್ಕೆ ಪದವಿಯೇ ಬೇಕೆಂದಿಲ್ಲ. ತಿಳಿಯಬೇಕೆಂಬ ಹಂಬಲವೂ ದೊರೆಯುವವರೆಗೂ ಬಿಡದ ಛಲವೂ ಇದ್ದರೆ ಸಾಕು.

ಅಭ್ಯಾಸ

1. ನಿಮ್ಮ ಊರಿನಲ್ಲಿ ಸಾಮಾನ್ಯವಾಗಿರುವ ಕಾಯಿಲೆಯೊಂದನ್ನು ಆರಿಸಿಕೊಂಡು, ಅದನ್ನು ಕುರಿತ ಪ್ರಶ್ನೆಯೊಂದನ್ನು ಮೇಲೆ ಹೇಳಿದಂತೆ ನಾಲ್ಕು ಭಾಗ ಮಾಡಿ ಬರೆಯಿರಿ. ಆ ಕಾಯಿಲೆಗೆ ಮೆಶ್ ಪಟ್ಟಿಯಲ್ಲಿರುವ ಹೆಸರನ್ನು ಕಂಡುಹಿಡಿಯಿರಿ.

2. ರೊನಾಲ್ಡ್ ರಾಸನ 1897ರ ಬರಹವನ್ನು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಹುಡುಕಿ ತೆಗೆಯಿರಿ. ಆತನು ತನ್ನ ನಿರ್ಣಯವನ್ನು ಎಷ್ಟು ಎಚ್ಚರಿಕೆಯಿಂದ ಹೇಳಿದ್ದಾನೆಂಬುದನ್ನು ಗಮನಿಸಿ.

3. ಪತ್ರಿಕೆಯಲ್ಲಿ ‘ಸಂಶೋಧನೆಯಿಂದ ತಿಳಿದುಬಂದಿದೆ’ ಎಂಬ ವೈದ್ಯಕೀಯ ಸುದ್ದಿಯನ್ನು ಕಂಡಾಗ ಅದರ ಮೂಲ ಪ್ರಬಂಧವನ್ನು ಹುಡುಕಿ, ಪರೀಕ್ಷೆಗೆ ಒಳಗಾದವರು ಎಷ್ಟು ಮಂದಿಯೆಂಬುದನ್ನು ನೋಡಿ. ಸುದ್ದಿಗೂ ಮೂಲಕ್ಕೂ ಇರುವ ವ್ಯತ್ಯಾಸಗಳನ್ನು ಪಟ್ಟಿ ಮಾಡಿರಿ.